ಸಹಿಗಿಂತ ಮೊದಲು ಹಗ್ಗ ನೋಡಿ

ಹಾಯಿಹಡಗಿನ ತೈಲಚಿತ್ರ ಮಾರಾಟಕ್ಕೆ ಬಂದಾಗ ಮಾರುವವರು ಕಳಿಸುವ ಫೋಟೊಗಳಲ್ಲಿ ಮೂಲೆಯ ಸಹಿಯೇ ದೊಡ್ಡದಾಗಿರುತ್ತದೆ. ನಾನು ಕೇಳುವುದು ಚಿತ್ರದಲ್ಲಿನ ಹಡಗಿನ ಬಾವುಟ, ಅದರ ಹಾಯಿ ಕಟ್ಟಿದ ಹಗ್ಗ ಮತ್ತು ಚಿತ್ರದ ಬೆನ್ನಿನ ಫೋಟೊ. ಸಹಿಯನ್ನು ಯಾರು ಬೇಕಾದರೂ ಆಮೇಲೆ ಸೇರಿಸಬಹುದು. ನೇರಳಾತೀತ ದೀಪ ಹಿಡಿದರೆ ರಾಳದ ಹಳೆಯ ವಾರ್ನಿಷ್ ಹಸಿರಾಗಿ ಹೊಳೆಯುತ್ತದೆ. ಅದರ ಮೇಲೆ ಬರೆದ ಸಹಿ ಸಾಮಾನ್ಯವಾಗಿ ಕಪ್ಪಾಗಿ ಎದ್ದು ಕಾಣುತ್ತದೆ.

19ನೇ ಶತಮಾನದ ಬಂದರುಗಳಲ್ಲಿ ಹಡಗಿನ ಚಿತ್ರ ಬರೆಯುವುದೇ ಒಂದು ಕಸುಬಾಗಿತ್ತು. ಗಿರಾಕಿ ಹೆಚ್ಚಾಗಿ ಕಪ್ತಾನ, ಇಲ್ಲವೇ ಹಡಗಿನ ಮಾಲೀಕ. ಆಕಾಶ, ಅಲೆ ಹೇಗಿದ್ದರೂ ಅವನಿಗೆ ನಡೆಯುತ್ತಿತ್ತು. ತನ್ನ ಹಡಗಿನ ಹಗ್ಗ ತಪ್ಪಿದರೆ ಥೈಲಿ ಬಿಚ್ಚುವವನಲ್ಲ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಆಂಟೋನಿಯೊ ಜೇಕಬ್‌ಸನ್ (1850–1921) ಇಂಥ ಸಾವಿರಾರು ಚಿತ್ರ ಬರೆದರು. ಅವರ ಅಲೆಗಳೆಲ್ಲ ಒಂದೇ ಅಚ್ಚಿನವು ಎಂದು ಮೂಗು ಮುರಿಯಬಹುದು, ಆದರೆ ಹಡಗು ಮಾತ್ರ ಇಂಥದ್ದೇ ಎಂದು ಗುರುತು ಹಿಡಿಯುವಂತಿರುತ್ತದೆ.

ಗೋಡೆಯ ಅಲಂಕಾರಕ್ಕೆಂದು ಇಂದು ರಾಶಿಗಟ್ಟಲೆ ತಯಾರಾಗುವ ಚಿತ್ರಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಅಲೆಗಳದು ಭಾರೀ ಅಬ್ಬರ. ಹಗ್ಗಗಳು ಎಲ್ಲಿಂದಲೋ ಹೊರಟು ಎಲ್ಲಿಗೂ ತಲುಪುವುದಿಲ್ಲ. ಹಿಂದಿನಿಂದ ಬೀಸುವ ಗಾಳಿಗೆ ಹಾಯಿಪಟಗಳು ಉಬ್ಬಿ ನಿಂತಿರುವಾಗ ಬಾವುಟವೊಂದು ಹಿಂದಕ್ಕೆ ಹಾರುತ್ತಿರುತ್ತದೆ. ಎರಡಕ್ಕೂ ಬೀಸುವುದು ಒಂದೇ ಗಾಳಿ ತಾನೇ?

ಕಾಲ ನಿರ್ಣಯಕ್ಕೂ ಬಾವುಟ ಒಳ್ಳೆಯ ಸಾಕ್ಷಿ. ಬ್ರಿಟನ್ನಿನ ಬಾವುಟಕ್ಕೆ ಐರ್ಲೆಂಡಿನ ಕೆಂಪು ಓರೆಪಟ್ಟಿಗಳು ಸೇರಿದ್ದು 1801ರಲ್ಲಿ. ಅವು ಕಂಡರೆ ಚಿತ್ರ ಅದಕ್ಕಿಂತ ಹಳೆಯದಲ್ಲ. ಹಾಯಿ ಕಟ್ಟುವ ಕಂಬವಾದ ಕೂವೆಮರದಲ್ಲಿ ಕೆಳಗಿನಿಂದ ಎರಡನೆಯದಾದ ದೊಡ್ಡ ಪಟವನ್ನು, ಕಡಿಮೆ ಆಳುಗಳು ನಿಭಾಯಿಸಲೆಂದು, ಎರಡು ಮಾಡುವ ಪದ್ಧತಿ ಹರಡಿದ್ದು 1850ರ ದಶಕದಿಂದೀಚೆಗೆ. ಎರಡಾದ ಪಟವಿರುವ ಚಿತ್ರಕ್ಕೆ ‘ಸುಮಾರು 1820’ ಎಂಬ ಚೀಟಿ ಅಂಟಿಸಿದ್ದರೆ ನಂಬಬೇಡಿ. ಈ ತರ್ಕವನ್ನು ತಿರುಗಿಸಲು ಮಾತ್ರ ಬರುವುದಿಲ್ಲ. ಹಳೆಯ ಹಡಗನ್ನು ನಿನ್ನೆ ಕುಳಿತೂ ಬರೆಯಬಹುದು. ಮಾಂಟೇಗ್ ಡಾಸನ್ (1890–1973) ವೇಗದ ಕ್ಲಿಪರ್ ಹಡಗುಗಳ ಕಾಲ ಮುಗಿದ ಮೇಲೂ ಅವನ್ನೇ ಬರೆದು ಹೆಸರಾದರು. ಅಲ್ಲಿ ಬಣ್ಣವನ್ನೇ ಕೇಳಬೇಕು. ಟೈಟಾನಿಯಂ ಬಿಳಿ ಎಂಬ ಬಣ್ಣ ಮಾರುಕಟ್ಟೆಗೆ ಬಂದದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ತೇಪೆಯಲ್ಲಿ ಸಿಕ್ಕರೆ ಅದು ದುರಸ್ತಿಯ ಕಾಲ ಹೇಳುತ್ತದೆ, ಅಷ್ಟೆ. ಪಟಗಳ ಮೂಲ ಬಣ್ಣದಲ್ಲೇ ಇದ್ದರೆ 19ನೇ ಶತಮಾನದ ಮಾತು ಬಿಡಬೇಕು.

ಬೆನ್ನಿನಲ್ಲಿ ಈಗಿನ ಕಾಲದ ಸ್ಟೇಪಲ್ ಪಿನ್ನು ಕಂಡು ಗಾಬರಿಯಾಗುವುದು ಬೇಡ. ಹಳೆಯ ಕ್ಯಾನ್ವಾಸನ್ನು ಮತ್ತೆ ಬಿಗಿದಿರಬಹುದು. ಭೂತಗನ್ನಡಿಯಲ್ಲಿ ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಅದು ಮುದ್ರಣ, ಮಾತು ಮುಗಿಯಿತು.

ಹಗ್ಗವಿಲ್ಲದ ಚಿತ್ರವೆಲ್ಲ ಹಡಗು ಅರಿಯದವರ ಕೈಕೆಲಸವೂ ಅಲ್ಲ. ಹಗ್ಗಗಳನ್ನು ಕೊನೆಗೆ, ಒಣಗಿದ ಆಕಾಶದ ಮೇಲೆ ತೆಳುವಾಗಿ ಎಳೆದಿರುತ್ತಾರೆ. ಯಾರಾದರೂ ಒರಟಾಗಿ ಶುಚಿಮಾಡಿದರೆ ಮೊದಲು ಹೋಗುವುದು ಅವೇ. ನಡುವೆ ತುಂಡಾದ ಗೆರೆ, ಬಣ್ಣದ ತಗ್ಗುಗಳಲ್ಲಿ ಉಳಿದ ಕಪ್ಪು ಕಂಡರೆ ಚಿತ್ರವನ್ನು ಉಜ್ಜಿ ಕೆಡಿಸಿದ್ದಾರೆ ಎಂದೇ ಅರ್ಥ. ಬೆಲೆ ಇಳಿಯುತ್ತದೆ, ಹೊಸದಾಗಿ ಎಳೆಸಿದ ಹಗ್ಗ ಅದನ್ನು ಮೇಲೆತ್ತುವುದಿಲ್ಲ. ಆದ್ದರಿಂದ ಮಾರುವ ಮುನ್ನ ಒದ್ದೆ ಬಟ್ಟೆಯನ್ನೋ ಕತ್ತರಿಸಿದ ಆಲೂಗಡ್ಡೆಯನ್ನೋ ಹಿಡಿದು ಹೊಳಪು ತರಲು ಹೋಗಬೇಡಿ. ಹಳದಿ ತಿರುಗಿದ ವಾರ್ನಿಷ್ ಹಾಗೇ ಇರಲಿ. ಕೊಳ್ಳುವವರು ತಮಗೆ ಬೇಕಾದರೆ ತೆಗೆಸಿಕೊಳ್ಳುತ್ತಾರೆ.