‘ನರ್ತಕಿ’ ಪದದಲ್ಲಿ ಈಕಾರ ಎಲ್ಲಿಂದ ಬಂತು?

ಕುಣಿಯುವವನು ನರ್ತಕ, ಕುಣಿಯುವವಳು ನರ್ತಕಿ. ಎರಡಕ್ಕೂ ಮೂಲ ಸಂಸ್ಕೃತದ ‘ನೃತ್’ ಧಾತು. ಇದೇ ಧಾತುವಿನಿಂದಾದ ‘ನೃತು’ ಎಂಬ ಹಳೆಯ ರೂಪ ಋಗ್ವೇದದಲ್ಲಿಯೇ ಇದ್ದು, ಮೊದಲನೆಯ ಮಂಡಲದ 92ನೆಯ ಸೂಕ್ತವು ಬೆಳಗಿನ ದೇವತೆಯಾದ ಉಷೆಯನ್ನು ಅಲಂಕಾರ ತೊಡುವ ನರ್ತಕಿಗೆ ಹೋಲಿಸುತ್ತದೆ.

ಧಾತುವಿನ ಋಕಾರಕ್ಕೆ ಗುಣಾದೇಶವಾಗಿ, ಎಂದರೆ ‘ಋ’ ಇದ್ದಲ್ಲಿ ‘ಅರ್’ ಬಂದು, ‘ನರ್ತ್’ ಆಗುವುದು, ಅದಕ್ಕೆ ‘ಅಕ’ ಸೇರುವುದು ಸುಲಭವಾಗಿಯೇ ತಿಳಿಯುತ್ತದೆ. ತೊಡಕಿರುವುದು ಸ್ತ್ರೀಲಿಂಗದಲ್ಲಿ. ನಾಯಕನಿಗೆ ನಾಯಿಕಾ, ಲೇಖಕನಿಗೆ ಲೇಖಿಕಾ ಎಂದಾಗುವ ಸಂಸ್ಕೃತದಲ್ಲಿ ನರ್ತಕನಿಗೆ ‘ನರ್ತಿಕಾ’ ಎನ್ನದೆ ‘ನರ್ತಕೀ’ ಎನ್ನುವುದೇಕೆ? ಉತ್ತರವಿರುವುದು ಪ್ರತ್ಯಯದಲ್ಲಿ. ಲೇಖಕ ಎಂಬಲ್ಲಿ ಬಂದಿರುವುದು, ಕ್ರಿಯೆ ಮಾಡುವ ಯಾರಿಗಾದರೂ ಸಲ್ಲುವ ‘ಣ್ವುಲ್’. ನರ್ತಕ ಎಂಬಲ್ಲಿ ಬಂದಿರುವುದು ‘ಷ್ವುನ್’, ‘ಶಿಲ್ಪಿನಿ ಷ್ವುನ್’ (3.1.145) ಎಂಬ, ಸಂಸ್ಕೃತ ವೈಯಾಕರಣ ಪಾಣಿನಿಯ ಸೂತ್ರ ಇದನ್ನು ಕುಶಲಕರ್ಮಿಗಷ್ಟೇ ವಿಧಿಸುತ್ತದೆ. ಎರಡರಲ್ಲಿಯೂ ಸಂಕೇತಾಕ್ಷರಗಳು (ವ್ಯಾಕರಣದ ಗುರುತಿಗಾಗಿ ಮಾತ್ರ ಸೇರಿಸಿದ ಅಕ್ಷರಗಳು) ಲೋಪವಾಗಿ, ಉಳಿದ ‘ವು’ ಎಂಬುದು ‘ಅಕ’ ಆಗುವುದರಿಂದ ಪುಲ್ಲಿಂಗದ ರೂಪವನ್ನು ನೋಡಿ ಯಾವ ಪ್ರತ್ಯಯವೆಂದು ಹೇಳಲಾಗದು. ಆದರೆ ಲೋಪವಾದ ಷಕಾರ ತನ್ನ ಕೆಲಸವನ್ನು ಬಿಡುವುದಿಲ್ಲ: ಷಕಾರ ಸಂಕೇತವಿರುವ ಪದಕ್ಕೆ ಸ್ತ್ರೀಲಿಂಗದಲ್ಲಿ ‘ಈ’ ಬರಬೇಕೆಂದು 4.1.41ನೆಯ ಸೂತ್ರ ಹೇಳುತ್ತದೆ. ಅದಿಲ್ಲದ ಕಡೆ ‘ಆ’ ಸೇರಿ, ಕಕಾರದ ಹಿಂದಿನ ಅಕಾರ ಇಕಾರವಾಗುತ್ತದೆ. ನಾಯಿಕಾ, ಲೇಖಿಕಾ ಸಿದ್ಧಿಸುವುದು ಹೀಗೆ. ನೆನಪಿಡಲು ಇಷ್ಟು ಸಾಕು: ಷಕಾರವಿದ್ದರೆ ‘ಅಕೀ’, ಇಲ್ಲದಿದ್ದರೆ ‘ಇಕಾ’. ಷ್ವುನ್ ಬರುವ ಧಾತುಗಳನ್ನು ವ್ಯಾಖ್ಯಾನಕಾರರು ಮೂರಕ್ಕೇ ಮಿತಗೊಳಿಸಿದ್ದಾರೆ: ಕುಣಿಯುವ ನರ್ತಕ, ಅಗೆಯುವ ಖನಕ, ಬಟ್ಟೆಗೆ ಬಣ್ಣ ಹಾಕುವ ರಜಕ. ಮನೆಯಂಗಳದಲ್ಲಿ ಸಂತೋಷಕ್ಕೆ ಕುಣಿದವರು ಈ ಲೆಕ್ಕದಲ್ಲಿ ನರ್ತಕರಲ್ಲ. ಪದದೊಳಗೇ ಕಸುಬಿನ ಅರ್ಥವಿದೆ ಎಂಬುದು ನನಗೆ ಇಲ್ಲಿನ ಅತ್ಯಂತ ಸ್ವಾರಸ್ಯಕರ ಅಂಶವಾಗಿ ಕಂಡಿತು.

ಕನ್ನಡಕ್ಕೆ ಬರುವಾಗ ಕೊನೆಯ ‘ಈ’ ಹ್ರಸ್ವವಾಗಿ ‘ನರ್ತಕಿ’ಯಾಯಿತು, ‘ನಾಯಿಕಾ’ ಎಂಬುದು ‘ನಾಯಿಕೆ’ಯಾಯಿತು. ಆದರೆ ನಾವು ಲೇಖಕಿ, ಗಾಯಕಿ, ಸಂಪಾದಕಿ ಎಂದೂ ಬರೆಯುತ್ತೇವೆ. ಪಾಣಿನಿಯ ಷಕಾರಕ್ಕೂ ಇವಕ್ಕೂ ಸಂಬಂಧವಿಲ್ಲ. ಬಳಕೆಯಲ್ಲಿ ನೆಲೆನಿಂತ ಈ ರೂಪಗಳನ್ನು ತಪ್ಪೆನ್ನುವ ಅಗತ್ಯವೂ ಇಲ್ಲ.

‘ನಟ’ ಪದದ ಧಾತು ‘ನಟ್’. ಇದು ‘ನೃತ್’ ಧಾತುವಿನದೇ ಪ್ರಾಕೃತ ರೂಪವೆಂದು ಹಲವು ಭಾಷಾಶಾಸ್ತ್ರಜ್ಞರು ಭಾವಿಸುತ್ತಾರೆ. ನೃತ್ತ, ನೃತ್ಯಗಳು ‘ನೃತ್’ ಕಡೆಯವು, ನಾಟ್ಯವು ‘ನಟ್’ ಕಡೆಯದು. ಧನಂಜಯನ ದಶರೂಪಕವೆಂಬ ನಾಟಕಲಕ್ಷಣ ಗ್ರಂಥದ ಪ್ರಕಾರ ನೃತ್ತಕ್ಕೆ ತಾಳಲಯಗಳು, ನೃತ್ಯಕ್ಕೆ ಭಾವ, ನಾಟ್ಯಕ್ಕೆ ರಸ ಆಶ್ರಯ.