ಖರ್ಚು ಸಹಿತ ಗೆದ್ದರೂ ಕೈಗೆ ಬಾರದ ಹಣ

ಕಲಬುರಗಿಯ ಹಳೆಯ ಓಣಿಗಳಲ್ಲಿ ನೆರೆಮನೆಯವರು ಕೋರ್ಟಿನ ಮೆಟ್ಟಿಲು ಹತ್ತಲು ದೊಡ್ಡ ಕಾರಣವೇನೂ ಬೇಕಿಲ್ಲ. ಮಾಳಿಗೆಯಿಂದ ಪಕ್ಕದ ಅಂಗಳಕ್ಕೆ ಬೀಳುವ ಮಳೆನೀರು, ಹಾದಿಗೆ ಹರಿಯುವ ಬಚ್ಚಲು, ಒಂದು ಮೊಳ ಮುಂದೆ ಬಂದ ಕಟ್ಟೆ, ಇಷ್ಟಾದರೆ ಸಾಕು. ವರ್ಷಗಟ್ಟಲೆ ತಾರೀಖು ಬಿದ್ದು ಕೊನೆಗೆ ದಾವೆ ಖರ್ಚು ಸಹಿತ ಡಿಕ್ರಿ ಆಗುತ್ತದೆ, ಅಂದರೆ ಗೆದ್ದವರ ಕೋರ್ಟ್ ಖರ್ಚನ್ನೂ ಸೋತವರೇ ಕೊಡಬೇಕೆಂಬ ತೀರ್ಪು ಬರುತ್ತದೆ. ಆ ಖರ್ಚನ್ನು ವಸೂಲಿ ಮಾಡಲು ಮತ್ತೊಮ್ಮೆ ಅದೇ ವರಾಂಡದಲ್ಲಿ ಕಾಯಬೇಕು ಎಂಬುದು ಗೆದ್ದವರಿಗೆ ಆಮೇಲೆ ತಿಳಿಯುತ್ತದೆ.

ಇದು ಹಳೆಯ ಗೋಳು. ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಖರ್ಚಿನ ವಿಷಯವನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಸೋತವರಿಂದ ಕೊಡಿಸದಿದ್ದರೆ ಮಾತ್ರ ಕಾರಣ ಬರೆಯಬೇಕು. ಸುಳ್ಳು ದಾವೆ ಹೂಡಿ ಸತಾಯಿಸುವವರಿಂದ ಪರಿಹಾರ ಕೊಡಿಸಲು 1922ರಲ್ಲಿ 35-ಎ ಕಲಂ ಸೇರಿತು. ನಿಜಾಮರ ಸೀಮೆಯಲ್ಲಿದ್ದ ಕಲಬುರಗಿ, ಬೀದರ್ ಕಡೆಗೆ ಈ ಸಂಹಿತೆ ಬಂದದ್ದು ತಡವಾಗಿ, 1951ರ ಏಪ್ರಿಲ್ 1ರಿಂದ. ಐದು ವರ್ಷದಲ್ಲೇ, 1956ರ ತಿದ್ದುಪಡಿಯಲ್ಲಿ, ಖರ್ಚಿನ ಮೇಲೆ ಬಡ್ಡಿ ಕೊಡಿಸುವ ಉಪಕಲಂ ಬಿದ್ದುಹೋಯಿತು. ಹಣ ಎಷ್ಟು ತಡ ಮಾಡಿ ಕೊಟ್ಟರೆ ಅಷ್ಟು ಲಾಭ ಎಂಬ ಲೆಕ್ಕ ಸೋತವರಿಗೆ ಅಲ್ಲಿಂದ ಸಿಕ್ಕಿತು ಎಂದೇ ನನ್ನ ಅನಿಸಿಕೆ.

1976ರ ತಿದ್ದುಪಡಿ ಸುಳ್ಳು ದಾವೆಯ ಪರಿಹಾರದ ಮಿತಿಯನ್ನು 3,000 ರೂಪಾಯಿಗೆ ಏರಿಸಿತು. ಮಿತಿ ಇವತ್ತಿಗೂ ಅಲ್ಲೇ ನಿಂತಿದೆ. ಅದನ್ನು ಒಂದು ಲಕ್ಷಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂಚಿಸಿತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ವಾಣಿಜ್ಯ ವ್ಯವಹಾರದ ದಾವೆಗಳಿಗೆ ನಿಯಮ ಬಿಗಿ ಮಾಡಿತು, ಗೋಡೆ–ಬಚ್ಚಲಿನ ಜಗಳಗಳು ಹಳೇ ದರದಲ್ಲೇ ಉಳಿದವು. ಇನ್ನು ಡಿಕ್ರಿಗೆ ಲಗತ್ತಾಗುವ ಖರ್ಚಿನ ಪಟ್ಟಿ ನೋಡಿ: ಕೋರ್ಟ್ ಶುಲ್ಕ, ಸಮನ್ಸ್ ಶುಲ್ಕ, ಸಾಕ್ಷಿ ಭತ್ಯೆ, ನಿಯಮದ ಪ್ರಕಾರದ ವಕೀಲರ ಫೀಸು. ಕಕ್ಷಿದಾರ ಕೈಯಿಂದ ಎಣಿಸಿಕೊಟ್ಟ ಫೀಸಿಗೂ ಪಟ್ಟಿಯಲ್ಲಿರುವ ಫೀಸಿಗೂ ತಾಳೆಯಾಗುವುದು ಅಪರೂಪ. ನಿಜವಾಗಿ ಆದ ನ್ಯಾಯಸಮ್ಮತ ಖರ್ಚನ್ನೇ ಕೊಡಿಸಿ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದರೂ ಪಟ್ಟಿ ಹೆಚ್ಚು ಬದಲಾಗಲಿಲ್ಲ.

ಎದುರುಪಕ್ಷ ತಾನಾಗಿ ಕೊಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂಬ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷ ಕಾಲಾವಕಾಶ. ಬರೀ ಮೇಲ್ಮನವಿ ಹಾಕಿದ್ದೇವೆ ಎಂದರೆ ವಸೂಲಿ ನಿಲ್ಲದು, ತಡೆಯಾಜ್ಞೆ ತರಬೇಕು. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದ ಮೇಲೆ ಬೆಂಗಳೂರಿನ ಓಡಾಟವಾದರೂ ತಪ್ಪಿತು.

ಜೈಲಿಗೆ ಹಾಕಿಸುತ್ತೇನೆ ಎಂಬ ಮಾತು ಓಣಿಯಲ್ಲಿ ಸಲೀಸಾಗಿ ಬರುತ್ತದೆ. ಬಾಕಿ 2,000 ರೂಪಾಯಿ ದಾಟದಿದ್ದರೆ ಬಂಧನವೇ ಇಲ್ಲ. ಹಣದ ಡಿಕ್ರಿಗೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ನಿಜವಾಗಿಯೂ ಗತಿಯಿಲ್ಲದವರನ್ನು ಬಡತನದ ಕಾರಣಕ್ಕೆ ಒಳಗೆ ಹಾಕಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದೆ. ಎಲ್ಲ ದಾಟಿ ಬಂಧನವಾದರೂ ಒಳಗಿದ್ದವರ ಊಟದ ಭತ್ಯೆಯನ್ನು ಅರ್ಜಿದಾರರೇ ಕಟ್ಟಬೇಕು. ನೆರೆಯವನ ಮೇಲಿನ ಸಿಟ್ಟಿಗೆ ಅವನ ಊಟದ ಖರ್ಚು ಹೊರಲು ಎಷ್ಟು ಜನ ತಯಾರಿದ್ದಾರೆ?

ಜಪ್ತಿಗೂ ಕಟ್ಟುಪಾಡುಗಳಿವೆ. ಸೂರ್ಯ ಮುಳುಗಿದ ಮೇಲೆ ಜಪ್ತಿಗೆ ಬರುವ ಕೋರ್ಟಿನ ನೌಕರ, ಅಂದರೆ ಅಮೀನ, ಮನೆಯೊಳಗೆ ಕಾಲಿಡುವಂತಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟುವಂತಿಲ್ಲ. ರೈತನಾದರೆ ಬೇಸಾಯಕ್ಕೆ ಬೇಕಾದ ಎತ್ತು, ಬಿತ್ತನೆಗಿಟ್ಟ ತೊಗರಿಗೂ ರಕ್ಷಣೆಯಿದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಬಿಟ್ಟು ಮಿಕ್ಕಿದ್ದಕ್ಕಷ್ಟೇ ಕೈ ಹಾಕಬಹುದು. ಹೆಚ್ಚಿನವರಿಗೆ ಬಿಸಿ ಮುಟ್ಟುವುದು ಸ್ಥಿರಾಸ್ತಿ ಜಪ್ತಿಯಲ್ಲಿ. ಜಾಗದ ಬಳಿ ಡಂಗುರ ಸಾರಿ, ಎಲ್ಲರಿಗೂ ಕಾಣುವಂತೆ ಆದೇಶದ ಪ್ರತಿ ಅಂಟಿಸುತ್ತಾರೆ. ಹರಾಜಿನ ತನಕ ಹೋಗುವ ಮೊದಲೇ, ಓಣಿಯ ಮಂದಿ ಗೋಡೆ ಓದುತ್ತಾರಲ್ಲ ಎಂಬ ಮರ್ಯಾದೆಗೆ ಹಣ ಹೊರಡುವುದುಂಟು.

ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿದೆ. ಅಷ್ಟರೊಳಗೆ ಹಿರಿಯರು ಕೂಡಿಸಿ ರಾಜಿ ಮಾಡಿಸಿದರೆ ಒಂದು ಎಚ್ಚರ ಬೇಕು. ಕೋರ್ಟಿನ ಹೊರಗೆ ಕೊಟ್ಟ ಹಣ ದಾಖಲಾಗದಿದ್ದರೆ ಅಮಲ್ಜಾರಿ ಕೋರ್ಟ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೊಟ್ಟವರು ಮತ್ತೊಮ್ಮೆ ಕೊಡಬೇಕಾದೀತು. ರಸೀದಿ ಬರೆಸಿಕೊಳ್ಳಬೇಕು. ಪಡೆದವರು ಕೋರ್ಟಿಗೆ ತಿಳಿಸದಿದ್ದರೆ ಕೊಟ್ಟವರೇ ಅರ್ಜಿ ಹಾಕಬಹುದು. ಅದಕ್ಕಿರುವ ಅವಧಿ 30 ದಿನ.