ಹ್ಯಾಂಗೋವರ್‌ಗೆ ಮನೆಮದ್ದು ಕೆಲಸ ಮಾಡುತ್ತಾ?

ರಾತ್ರಿ ಎಣ್ಣೆ ಜಾಸ್ತಿ ಆಗಿ ಬೆಳಗ್ಗೆ ತಲೆ ಸಿಡಿಯುತ್ತಿದ್ದರೆ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ನಿಂಬೆರಸ, ಮಜ್ಜಿಗೆ, ಎಳನೀರು, ಸ್ಟ್ರಾಂಗ್ ಕಾಫಿ. ಕೊನೆಗೆ, ‘ಇನ್ನೊಂದು ನೈಂಟಿ ಹಾಕು, ಸರಿಹೋಗುತ್ತೆ.’

ಮದ್ದಿನ ಮಾತಿಗೆ ಮೊದಲು ಒಂದು ಲೆಕ್ಕ ನೋಡೋಣ. ಒಂದು ಕ್ವಾರ್ಟರ್ ವಿಸ್ಕಿ ಅಂದರೆ 180 ಎಂ.ಎಲ್. ಲೇಬಲ್ ಮೇಲೆ ಶೇ. 42.8 ಅಂತ ಇರುತ್ತದೆ. ಅಂದರೆ ಅದರಲ್ಲಿ ಸುಮಾರು 77 ಎಂ.ಎಲ್., ತೂಕದಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಅಷ್ಟೇ. ರಾತ್ರಿ ಹನ್ನೆರಡಕ್ಕೆ ಕುಡಿದು ಮಲಗಿದವರ ರಕ್ತದಲ್ಲಿ ಬೆಳಗ್ಗೆ ಆರಕ್ಕೂ ಆಲ್ಕೋಹಾಲ್ ಉಳಿದಿರಬಹುದು. ಕಾಫಿಯಿಂದಾಗಲಿ, ತಣ್ಣೀರು ಸ್ನಾನದಿಂದಾಗಲಿ ಲಿವರ್‌ನ ಕೆಲಸ ಒಂಚೂರೂ ಚುರುಕಾಗುವುದಿಲ್ಲ. ತೂಕಡಿಕೆ ಹೋಗುತ್ತದೆ, ಅಮಲು ಹಾಗೇ ಇರುತ್ತದೆ. ಕಾಫಿ ಕುಡಿದೆ, ಈಗ ಆರಾಮಾಗಿದ್ದೀನಿ ಅಂತ ಬೈಕ್ ಹತ್ತುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಮಜ್ಜಿಗೆ, ಎಳನೀರು ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬರುತ್ತವೆ. ದೇಹದ ನೀರು ಸುಮ್ನೆ ಹರಿದುಹೋಗದಂತೆ ನೋಡಿಕೊಳ್ಳುವುದು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು. ಆಲ್ಕೋಹಾಲ್ ಅದನ್ನು ತಗ್ಗಿಸುತ್ತದೆ. ಕುಡಿದವರು ಮೇಲಿಂದ ಮೇಲೆ ಮೂತ್ರಕ್ಕೆ ಏಳುವುದು ಅದಕ್ಕೇ. ಉಪ್ಪು ಹಾಕಿದ ನೀರುಮಜ್ಜಿಗೆಯಿಂದ ನೀರು, ಉಪ್ಪು ಎರಡೂ ಸಿಗುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ. ಬಾಯಾರಿಕೆ ತೀರುತ್ತದೆ, ಸುಸ್ತು ಸ್ವಲ್ಪ ಕಮ್ಮಿ ಅನಿಸಬಹುದು. ಆದರೆ ಹ್ಯಾಂಗೋವರ್‌ಗೆ ಕಾರಣ ನೀರಿನ ಕೊರತೆ ಒಂದೇ ಅಲ್ಲ. ಕೆರಳಿದ ಹೊಟ್ಟೆ, ಕೆಟ್ಟ ನಿದ್ದೆ, ಮೈಯೊಳಗಿನ ಉರಿಯೂತ ಎಲ್ಲವೂ ಸೇರಿರುತ್ತವೆ. ಅದಕ್ಕೆಲ್ಲ ಮಜ್ಜಿಗೆ ಸಾಲದು. ಅದುವರೆಗೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದ ವರದಿಗಳು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, 2022ರಲ್ಲಿ ಅಡಿಕ್ಷನ್ ಪತ್ರಿಕೆಯಲ್ಲಿ ಬಂದವು. ನಂಬಿ ತೆಗೆದುಕೊಳ್ಳಬಹುದಾದ ಮದ್ದು ಎರಡರಲ್ಲೂ ಸಿಗಲಿಲ್ಲ.

ತಲೆನೋವಿಗೆ ಪ್ಯಾರಾಸಿಟಮಾಲ್? ದಿನಾ ಕುಡಿಯುವವರು ಮಾತ್ರೆ ಮೇಲೆ ಮಾತ್ರೆ ನುಂಗಿದರೆ ಲಿವರ್‌ಗೇ ಪೆಟ್ಟು.

ಇನ್ನು ಬೆಳಗಿನ ನೈಂಟಿ. ಅದರಿಂದ ಸ್ವಲ್ಪ ಹೊತ್ತು ಹಾಯೆನಿಸುವುದು ನಿಜ. ಹ್ಯಾಂಗೋವರ್ ಜೋರಾಗುವುದು ರಕ್ತದಲ್ಲಿ ಆಲ್ಕೋಹಾಲ್ ಖಾಲಿಯಾಗುತ್ತಾ ಬಂದಾಗ. ಮತ್ತೆ ಕುಡಿದರೆ ಆ ಹೊತ್ತು ಮುಂದಕ್ಕೆ ಹೋಗುತ್ತದೆ, ತಪ್ಪುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕುಡಿಯುವ ಚಟ ಹತ್ತುವುದೂ ಹೀಗೇ ಅಲ್ವಾ?

ಒಂದು ವಿಷಯದಲ್ಲಂತೂ ಮನೆಮದ್ದಿನ ಮಾತೇ ಬೇಡ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಬೆರೆತಿರಬಹುದು. ಲಿವರ್ ಅದನ್ನು ಒಡೆದಾಗ ಫಾರ್ಮಿಕ್ ಆಮ್ಲ ಹುಟ್ಟಿ ಕಣ್ಣಿನ ನರವನ್ನೇ ಸುಡುತ್ತದೆ. ಇದಕ್ಕೆ ಹಲವು ಗಂಟೆ ಹಿಡಿಯುವುದರಿಂದ ಮೊದಮೊದಲು ಬರೀ ಹ್ಯಾಂಗೋವರ್ ಅನಿಸುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಸುಮಾರು 300 ಜನ ಸತ್ತರು. ಕುಡಿದ ಮಾರನೇ ದಿನ ಕಣ್ಣು ಮಂಜಾದರೆ, ಉಸಿರು ಜೋರಾದರೆ ಮಜ್ಜಿಗೆ, ನಿಂಬೆರಸ ಅಂತ ಕಾಯುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ಕುಡಿದಿದ್ದು ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮೆಥನಾಲ್‌ಗೆ ಅಲ್ಲಿ ಮದ್ದಿದೆ.